ನಾಲ್ಕು ತಾಲೂಕು ಏಳಾದಾಗ: ತಂತ್ರಾಂಶ ಪರೀಕ್ಷೆಗಳ ಜೋಡಣೆ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರೂಪುಗೊಂಡಾಗ ಅದರಲ್ಲಿದ್ದ ತಾಲೂಕುಗಳು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ಆಗಿದ್ದು, ಮುಂದೆ ಗಂಗಾವತಿಯಿಂದ ಕಾರಟಗಿ, ಕನಕಗಿರಿಗಳೂ ಯಲಬುರ್ಗಾದಿಂದ ಕುಕನೂರೂ ಬೇರೆಯಾಗಿ ಅವು ಏಳಾದವು. ಪಹಣಿಯಿಂದ ಜಾತಿ ಪ್ರಮಾಣಪತ್ರದವರೆಗೆ ಎಲ್ಲವೂ ಗಣಕದಿಂದಲೇ ಹೊರಬರುವ ಈ ಕಾಲದಲ್ಲಿ ಇಂಥ ಬದಲಾವಣೆ ತಂತ್ರಾಂಶದೊಳಕ್ಕೂ ಇಳಿಯಬೇಕಾಗುತ್ತದೆ. ಹಾಗೆ ಇಳಿದಾಗ ಹಳೆಯದೇನೂ ಕೆಟ್ಟಿಲ್ಲವೆಂದು ನೋಡಿಕೊಳ್ಳುವ ಹೊಣೆ ಸ್ವಯಂಚಾಲಿತ ಪರೀಕ್ಷೆಗಳದು.

ಸ್ವಯಂಚಾಲಿತ ಪರೀಕ್ಷೆಯೆಂದರೆ ತಂತ್ರಾಂಶಕ್ಕೆ ಒಂದು ಮಾಹಿತಿಯನ್ನು ಕೊಟ್ಟು, ಬಂದ ಉತ್ತರವನ್ನು ಬರಬೇಕಾದ ಉತ್ತರದೊಡನೆ ತಾನಾಗಿಯೇ ಹೋಲಿಸುವ ಚಿಕ್ಕ ಪ್ರೋಗ್ರಾಂ. ಇಂಥವು ನೂರಾರು ಸೇರಿದಾಗ ಜೋಡಣೆಯೇ ಮುಖ್ಯವಾಗುತ್ತದೆ. ತಾಲೂಕುಗಳು ನಾಲ್ಕೆಂದು ಪ್ರತಿ ಪರೀಕ್ಷೆಯೊಳಗೂ ಬರೆದಿದ್ದರೆ ಅಷ್ಟನ್ನೂ ಹುಡುಕಿ ತಿದ್ದಬೇಕು. ಆ ಪಟ್ಟಿಯನ್ನು ಸಂರಚನಾ ಕಡತದಲ್ಲಿ, ಅಂದರೆ ಬದಲಾಗುವ ವಿವರಗಳನ್ನು ಪ್ರೋಗ್ರಾಂನಿಂದ ಬೇರ್ಪಡಿಸಿಟ್ಟ ಸರಳ ಪಠ್ಯ ಕಡತದಲ್ಲಿ, ಇಟ್ಟಿದ್ದರೆ ಮೂರು ಸಾಲು ಸೇರಿಸಿದರೆ ಸಾಕು. ಆದರೆ ಇಲ್ಲಿ ಒಂದು ಎಚ್ಚರ ಅತ್ಯಗತ್ಯ. ತಂತ್ರಾಂಶ ಓದುವ ಪಟ್ಟಿಯನ್ನೇ ಪರೀಕ್ಷೆಯೂ ಓದಿದರೆ, ಅದರಲ್ಲಿ ಕುಕನೂರು ಬಿಟ್ಟುಹೋಗಿದ್ದರೂ ಎರಡೂ ಒಂದಕ್ಕೊಂದು ಹೊಂದಿ ತಪ್ಪು ಬಯಲಾಗುವುದೇ ಇಲ್ಲ. ಆದ್ದರಿಂದ ನಿರೀಕ್ಷಿತ ಉತ್ತರದ ಪಟ್ಟಿಯನ್ನು ಸರ್ಕಾರದ ಅಧಿಸೂಚನೆ ನೋಡಿ ಪ್ರತ್ಯೇಕವಾಗಿಯೇ ಬರೆದಿಡಬೇಕು.

ಕಡತಗಳನ್ನು ವಿಷಯವಾರು ಫೋಲ್ಡರ್‌ಗಳಲ್ಲಿ ಇಡುವುದು ಎರಡನೆಯ ಕ್ರಮ. ಪೈಥಾನ್ ಭಾಷೆಯ ಪೈಟೆಸ್ಟ್ ಎಂಬ ಸಾಧನವು 'ಟೆಸ್ಟ್' ಎಂದು ಆರಂಭವಾಗುವ ಕಡತಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಒಂದು ಫೋಲ್ಡರ್‌ನಲ್ಲಿಟ್ಟ 'ಕಾನ್ಫ್‌ಟೆಸ್ಟ್' ಕಡತದ ಸಿದ್ಧತೆಗಳು ಆ ಫೋಲ್ಡರಿಗೂ ಅದರ ಒಳಗಿನವಕ್ಕೂ ಮಾತ್ರ ಅನ್ವಯಿಸುತ್ತವೆಯಾದ್ದರಿಂದ, ಪಹಣಿಯ ಪರೀಕ್ಷೆಗೆ ಬೇಕಾದ ಸಿದ್ಧತೆ ಪಡಿತರ ಚೀಟಿಯ ಪರೀಕ್ಷೆಯನ್ನು ತಟ್ಟುವುದಿಲ್ಲ.

ಕನ್ನಡ ಲಿಪಿಗಂತೂ ಪ್ರತ್ಯೇಕ ಫೋಲ್ಡರ್ ಇರಲೇಬೇಕು, ಏಕೆಂದರೆ ಈ ಊರುಗಳ ಹೆಸರುಗಳೇ ಕಠಿಣ ಪರೀಕ್ಷೆಗಳು. 'ಕುಷ್ಟಗಿ'ಯಲ್ಲಿ ಟಕಾರವು ಷಕಾರಕ್ಕೆ ಒತ್ತಾಗಬೇಕು. 'ಯಲಬುರ್ಗಾ'ದಲ್ಲಿ ಗಣಕ ಮೊದಲು ದಾಖಲಿಸುವ ರಕಾರವು ತೆರೆಯ ಮೇಲೆ ಗಾ ಅಕ್ಷರದ ಬಳಿಕ ಅರ್ಕಾವತ್ತಾಗಿ ಮೂಡಬೇಕು. 'ಕೊಪ್ಪಳ'ದ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು: ಅದರ ಒಕಾರ ಚಿಹ್ನೆಯನ್ನು, ಗಣಕದಲ್ಲಿ ಅಕ್ಷರಗಳಿಗೆ ಸಂಕೇತ ಗೊತ್ತುಪಡಿಸುವ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದಾದ್ದರಿಂದ ಆ ಹೆಸರು ಆರು ಸಂಕೇತಗಳಲ್ಲೂ ಇರಬಹುದು, ಏಳರಲ್ಲೂ ಇರಬಹುದು. ಕಣ್ಣಿಗೆ ಎರಡೂ ಒಂದೇ ಆದರೂ, ಇವನ್ನು ಏಕರೂಪಕ್ಕೆ ತರದ ತಂತ್ರಾಂಶ ಎರಡು ಬೇರೆ ಊರುಗಳೆಂದೇ ತಿಳಿಯುತ್ತದೆ. ಹುಡುಕಿದವರಿಗೆ ದಾಖಲೆ ಸಿಗುವುದಿಲ್ಲ.

ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದ ಪರೀಕ್ಷಾ ಸಾಲುಗಳು ಇಂಥ ಲಿಪಿ ಪರೀಕ್ಷೆಗಳಿಗೆ ಒಳ್ಳೆಯ ಮಾದರಿ: ಯಾವ ಫಾಂಟ್, ಯಾವ ಆಯ್ಕೆಗಳು, ಯಾವ ಸಂಕೇತಗಳು, ಮೂಡಬೇಕಾದ ಆಕೃತಿಗಳು ಯಾವುವು ಎಂಬುದಷ್ಟೇ ಪ್ರತಿ ಸಾಲಿನಲ್ಲಿರುತ್ತದೆ. ಪ್ರೋಗ್ರಾಂ ಬರೆಯಲು ಬಾರದ ಕನ್ನಡಿಗರೂ ಅಂಥ ಪಟ್ಟಿಗೆ ತಮ್ಮ ಊರಿನ ಹೆಸರನ್ನು ಒದಗಿಸಬಲ್ಲರು. ಕರ್ನಾಟಕದ ಸಾರ್ವಜನಿಕ ಸೇವೆಗಳಿಗೆ ತಂತ್ರಾಂಶ ರೂಪಿಸುವವರು ರಾಜ್ಯದ ಎಲ್ಲ ತಾಲೂಕು, ಹೋಬಳಿ, ಗ್ರಾಮಗಳ ಹೆಸರುಗಳನ್ನು ಹೀಗೆ ಪರೀಕ್ಷಾ ಕಡತಗಳಾಗಿಸಿ ಸಾರ್ವಜನಿಕರ ತಿದ್ದುಪಡಿಗೆ ತೆರೆದಿಡಬೇಕು.