ಎರಡು ಸಲ ಬರೆದ ಜಗತ್ತು

ಬಿ.ಕಾಂ. ಮೊದಲ ಸೆಮಿಸ್ಟರಿನ ಮೊದಲ ವಾರದಲ್ಲೇ ತರಗತಿಯೊಳಗೆ ಒಂದು ಪವಾಡ ನಡೆದುಹೋಗುತ್ತದೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಒಂದು ಸಾಲು ಬರೆಯುತ್ತಾರೆ, ಹಿಂದಿನ ಬೆಂಚಿನವರು ಆಕಳಿಸುತ್ತಲೇ ಅದನ್ನು ಇಳಿಸಿಕೊಳ್ಳುತ್ತಾರೆ, ಗಂಟೆ ಹೊಡೆಯುತ್ತದೆ. ಆ ಸಾಲು ಹೇಳುವುದು ಇಷ್ಟೇ: ಅಂಗಡಿ ಬೇರೆ, ಅಂಗಡಿಯವನು ಬೇರೆ.

ಅದರಲ್ಲೇನು ಬಂತು ಅಂತೀರಾ? ಸ್ವಲ್ಪ ತಡೆಯಿರಿ. ನೀವು ನಿಮ್ಮ ಜೇಬಿನಿಂದ ಒಂದು ಲಕ್ಷ ತೆಗೆದು ನಿಮ್ಮದೇ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹಾಕುತ್ತೀರಿ. ನಿಮಗೆ ಅದು ಈ ಕೈಯಿಂದ ಆ ಕೈಗೆ ಹೋದ ದುಡ್ಡು. ಲೆಕ್ಕದ ಪುಸ್ತಕ ಮಾತ್ರ ಒಪ್ಪುವುದಿಲ್ಲ. ಅದರ ಪ್ರಕಾರ ಆ ಗಳಿಗೆಯಲ್ಲಿ ಹೊಸ ಜೀವವೊಂದು ಹುಟ್ಟಿದೆ. ಅದಕ್ಕೆ ಮೈಯಿಲ್ಲ, ಹಸಿವಿಲ್ಲ, ಆದರೆ ಆಸ್ತಿಯಿದೆ, ಋಣವಿದೆ. ಮತ್ತು ಅದು ಹೊತ್ತ ಮೊಟ್ಟಮೊದಲ ಋಣ ನಿಮ್ಮದೇ! ಎಡಗಡೆ ‘ನಗದು ಒಂದು ಲಕ್ಷ’ ಎಂದು ಡೆಬಿಟ್, ಬಲಗಡೆ ‘ಬಂಡವಾಳ ಒಂದು ಲಕ್ಷ’ ಎಂದು ಕ್ರೆಡಿಟ್. ಏನು ಬಂತು, ಎಲ್ಲಿಂದ ಬಂತು. ಒಂದೇ ಘಟನೆ, ಎರಡು ಸಲ ಬರೆದದ್ದು. ಇನ್ನು ಮುಂದೆ ಆ ಅಂಗಡಿಯಲ್ಲಿ ಏನೇ ಆಗಲಿ, ಹಬ್ಬದ ವ್ಯಾಪಾರ ಆಗಲಿ, ಇಲಿ ಕಡಿದು ಸರಕು ಹಾಳಾಗಲಿ, ಮಾಲೀಕನೇ ಗಲ್ಲಾದಿಂದ ಮನೆಖರ್ಚಿಗೆ ಐನೂರು ಎತ್ತಲಿ, ಪ್ರತಿಯೊಂದೂ ಎರಡು ಕಡೆ ದಾಖಲಾಗುತ್ತದೆ, ಎರಡು ಕಡೆಯ ಮೊತ್ತ ಸಮವಾಗಿಯೇ ಇರುತ್ತದೆ.

ಈ ಕಣ್ಣು ಒಮ್ಮೆ ಬಂತೆಂದರೆ ಬಾಯಿಪಾಠವಾದ ಕಥೆಗಳೂ ಹೊಸದಾಗುತ್ತವೆ. 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಶುರುವಾದಾಗ ನಾರಾಯಣಮೂರ್ತಿಯವರು ಪತ್ನಿ ಸುಧಾ ಮೂರ್ತಿಯವರ ಉಳಿತಾಯದಿಂದ 10,000 ರೂಪಾಯಿ ಪಡೆದದ್ದು ಕನ್ನಡಿಗರಿಗೆಲ್ಲ ಗೊತ್ತು. ಮೊದಲ ವರ್ಷದ ವಿದ್ಯಾರ್ಥಿ ಅದನ್ನು ಕೇಳಿದರೆ ಅವನ ಕೈ ತಾನಾಗಿ ಪೆನ್ನಿಗೆ ಹೋಗುತ್ತದೆ. ಎಡಗಡೆ: ನಗದು 10,000. ಸರಿ, ಬಲಗಡೆ? ಸಾಲ ಎಂದು ಬರೆದರೆ ಎಂದಾದರೂ ತೀರಿಸಬೇಕು. ಕಂಪನಿ ಆಕಾಶಕ್ಕೇರಿದರೂ ಕೊಟ್ಟವರಿಗೆ ಸಿಗುವುದು ಅಸಲು ಮತ್ತು ಬಡ್ಡಿ ಮಾತ್ರ. ಬಂಡವಾಳ ಎಂದು ಬರೆದರೆ ತೀರಿಸುವ ಮಾತೇ ಇಲ್ಲ. ಮುಳುಗಿದರೆ ಎಲ್ಲ ಹೋಯಿತು, ಬೆಳೆದರೆ ಬೆಳೆದಷ್ಟೂ ಪಾಲು. ಎಡಗಡೆಯ ಹತ್ತು ಸಾವಿರ ಎರಡು ಕಥೆಯಲ್ಲೂ ಒಂದೇ. ಬಲಗಡೆಯ ಒಂದು ಪದಕ್ಕೆ ಒಂದು ಮನೆತನದ ಹಣೆಬರಹ ಜೋತುಬಿದ್ದಿದೆ!

ಬಿಸಿನೆಸ್ ಫೈನಾನ್ಸ್ ಪೇಪರಿನ ಅರ್ಧ ಸಿಲಬಸ್ಸು ಈ ಬಲಗಡೆಯ ಪದದ ಸುತ್ತಲೇ ಸುತ್ತುತ್ತದೆ. ಸಾಲ ಎಷ್ಟಿರಬೇಕು, ಬಂಡವಾಳ ಎಷ್ಟಿರಬೇಕು? 1958ರಲ್ಲಿ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಕೊಟ್ಟ ಉತ್ತರ ಕೇಳಿದರೆ ಕುರ್ಚಿಯಿಂದ ಎದ್ದು ನಿಲ್ಲಬೇಕು: ತೆರಿಗೆಯಾಗಲಿ ದಿವಾಳಿಯ ಖರ್ಚಾಗಲಿ ಇಲ್ಲದ ಆದರ್ಶ ಮಾರುಕಟ್ಟೆಯೊಂದಿದ್ದರೆ, ಎರಡನ್ನೂ ಹೇಗೆ ಬೆರೆಸಿದರೂ ಕಂಪನಿಯ ಒಟ್ಟು ಬೆಲೆ ಒಂದಿಷ್ಟೂ ಬದಲಾಗದು. ಯಾರಿಗೆ ಎಷ್ಟು ಎಂಬುದು ಬದಲಾಗುತ್ತದೆ, ಒಟ್ಟು ಬದಲಾಗುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ವರ್ಷಗಳಲ್ಲಿ ನೊಬೆಲ್ ಬಂತು.

ಎರಡು ಬದಿಯ ಈ ಲೆಕ್ಕವನ್ನು ಯಾರೋ ಒಬ್ಬ ಮೇಧಾವಿ ಕೂತು ಕಂಡುಹಿಡಿದದ್ದಲ್ಲ. ಇಟಲಿಯ ವರ್ತಕರ ಕೈಯಲ್ಲಿ ಅದು ನಿಧಾನವಾಗಿ ರೂಪುಗೊಂಡಿತು. 1340ರ ಹೊತ್ತಿಗೆ ಜಿನೋವಾ ನಗರದ ಖಜಾನೆಯ ಪುಸ್ತಕಗಳಲ್ಲಿ ಪೂರ್ತಿಯಾಗಿ ಕಾಣಿಸುತ್ತದೆ. ಅದನ್ನು ಅಚ್ಚಿನಲ್ಲಿ ತಂದು ಜಗತ್ತಿಗೆಲ್ಲ ಹಂಚಿದವರು ಲೂಕಾ ಪಚೋಲಿ, ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ! ಆಸ್ತಿ ಇಟ್ಟುಕೊಳ್ಳುವುದಿಲ್ಲವೆಂದು ವ್ರತ ತೊಟ್ಟವರ ಕೈಯಿಂದ ಆಸ್ತಿಯ ಲೆಕ್ಕ ಇಡುವ ಪಾಠ. ವೆನಿಸ್ಸಿನಲ್ಲಿ 1494ರಲ್ಲಿ ಅಚ್ಚಾದ ಅವರ ‘ಸುಮ್ಮ’ ಎಂಬ ದಪ್ಪ ಗಣಿತಗ್ರಂಥದಲ್ಲಿ ಲೆಕ್ಕಪತ್ರದ ಭಾಗವೊಂದು, 36 ಪುಟ್ಟ ಅಧ್ಯಾಯಗಳು. ಪಚೋಲಿ ವಿಶ್ವವಿದ್ಯಾಲಯದ ಮೇಷ್ಟ್ರೇ. ಪೆರೂಜದಲ್ಲಿ ಗಣಿತ ಕಲಿಸಿದವರು, ಮುಂದೆ ಮಿಲಾನಿನಲ್ಲಿ ಲಿಯೊನಾರ್ಡೊ ಡಾ ವಿಂಚಿಗೂ ಗಣಿತ ಹೇಳಿಕೊಟ್ಟವರು. ಅವರ ಇನ್ನೊಂದು ಪುಸ್ತಕಕ್ಕೆ ಚಿತ್ರ ಬರೆದದ್ದು ಸಾಕ್ಷಾತ್ ಲಿಯೊನಾರ್ಡೊ. ಲೆಕ್ಕದ ಪುಸ್ತಕವನ್ನು ದೇವರ ಹೆಸರಿನಿಂದ ಶುರುಮಾಡಿ ಎಂದೂ ಪಚೋಲಿ ಬರೆಯುತ್ತಾರೆ. ದೀಪಾವಳಿಯ ದಿನ ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಮೇಲೆ ‘ಶ್ರೀ’ ಬರೆಯುವ ನಮ್ಮ ವರ್ತಕರು ಇದನ್ನು ಓದಿದರೆ ಅದರಲ್ಲೇನು ವಿಶೇಷ ಎಂದಾರು.

ಇಷ್ಟು ಹೊತ್ತು ಚೆಂದ ಚೆಂದ. ಆದರೆ ಈ ಎರಡು ಬದಿಯ ಲೆಕ್ಕದ ಶಕ್ತಿ ನಿಜವಾಗಿ ಎಷ್ಟು ಎಂದು ತಿಳಿಯಬೇಕಾದರೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ನಿರ್ದೇಶಕ ಮಂಡಳಿಗೆ ಬರೆದ ಪತ್ರವನ್ನು ತೆಗೆದುಕೊಳ್ಳಬೇಕು. ತಪ್ಪೊಪ್ಪಿಗೆಯ ಪತ್ರ. ಪತ್ರಿಕೆಗಳೆಲ್ಲ ಅದರೊಳಗಿನ ಹುಲಿಸವಾರಿಯ ಹೋಲಿಕೆಯನ್ನು ಎತ್ತಿಕೊಂಡವು. ಹುಲಿಯನ್ನು ಬಿಡಿ, ಅಂಕಿಗಳನ್ನು ನೋಡಿ!

2008ರ ಸೆಪ್ಟೆಂಬರಿಗೆ ಮುಗಿದ ತ್ರೈಮಾಸಿಕದಲ್ಲಿ ಕಂಪನಿ ತೋರಿಸಿದ ಆದಾಯ 2,700 ಕೋಟಿ. ನಿಜವಾದದ್ದು 2,112 ಕೋಟಿ. ಕಳೆಯಿರಿ: 588. ತೋರಿಸಿದ ಕಾರ್ಯಾಚರಣೆಯ ಲಾಭ 649 ಕೋಟಿ; ನಿಜವಾದದ್ದು 61 ಕೋಟಿ. ಕಳೆಯಿರಿ: ಮತ್ತೆ 588! ಆ ಮೂರು ತಿಂಗಳಲ್ಲಿ ಬ್ಯಾಂಕಿನಲ್ಲಿದೆಯೆಂದು ತೋರಿಸಿದ ಇಲ್ಲದ ಹಣ ಎಷ್ಟು ಏರಿತೆಂದು ಅದೇ ಪತ್ರ ಹೇಳುತ್ತದೆ: 588 ಕೋಟಿ!

ಕಾಕತಾಳೀಯವೇ? ಖಂಡಿತ ಅಲ್ಲ. ಮೊದಲ ಸೆಮಿಸ್ಟರಿನ ಹುಡುಗಿ ಕೂಡ ಇದನ್ನು ಮೊದಲೇ ಹೇಳಬಲ್ಲಳು. ಇಲ್ಲದ ಮಾರಾಟವನ್ನು ಬಲಗಡೆ ಬರೆದಿರಿ. ಈಗ ಎಡಗಡೆ ಏನಾದರೂ ಬರೆಯಲೇಬೇಕು, ಪುಸ್ತಕ ಬಿಡುವುದಿಲ್ಲ. ಖರ್ಚು ಎಂದು ಬರೆದರೆ ಹುಟ್ಟಿಸಿದ ಲಾಭ ಅಲ್ಲೇ ಕರಗಿಹೋಗುತ್ತದೆ. ಗಿರಾಕಿಗಳಿಂದ ಬರಬೇಕಾದ ಬಾಕಿ ಎಂದು ಬರೆದರೆ ಬಾಕಿ ಬೆಟ್ಟವಾಗಿ ಬೆಳೆಯುತ್ತದೆ, ಯಾಕೆ ವಸೂಲಾಗುತ್ತಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉಳಿದದ್ದು ಒಂದೇ ಜಾಗ, ಬ್ಯಾಂಕು. ದುಡ್ಡು ಬಂದಿದೆ, ಬ್ಯಾಂಕಿನಲ್ಲಿದೆ ಎಂದು ಬರೆದುಬಿಡಿ.

ನನ್ನ ಮೈ ಜುಮ್ಮೆನ್ನಿಸಿದ್ದು ಮುಂದಿನ ಹೆಜ್ಜೆ. ಲಾಭ-ನಷ್ಟದ ಖಾತೆ ಪ್ರತಿವರ್ಷ ಮಾರ್ಚ್ 31ಕ್ಕೆ ಮುಚ್ಚಿಹೋಗುತ್ತದೆ, ಏಪ್ರಿಲಿನಲ್ಲಿ ಸೊನ್ನೆಯಿಂದ ಶುರು. ಹಳೆಯ ವರ್ಷದ ಸುಳ್ಳು ಮಾರಾಟವನ್ನು ಜನ ಮರೆಯುತ್ತಾರೆ. ಬ್ಯಾಲೆನ್ಸ್ ಶೀಟ್ ಮಾತ್ರ ಮರೆಯುವುದಿಲ್ಲ! ನಿನ್ನೆಯ ಶಿಲ್ಕು ಇವತ್ತಿನ ಆರಂಭದ ಶಿಲ್ಕು. ಹಾಗಾಗಿ ಪ್ರತಿ ತ್ರೈಮಾಸಿಕದ ಸುಳ್ಳು ಬ್ಯಾಂಕಿನ ಸಾಲಿನಲ್ಲಿ ಒಂದರ ಮೇಲೊಂದು ಪೇರುತ್ತಾ ಹೋಯಿತು. ಕೊನೆಗೆ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕು ಸೇರಿ 5,361 ಕೋಟಿ, ಅದರಲ್ಲಿ ಇಲ್ಲದ್ದು 5,040 ಕೋಟಿ. ಅಷ್ಟು ದೊಡ್ಡ ಕಂಪನಿಯ ಕೈಯಲ್ಲಿ ನಿಜವಾಗಿ ಉಳಿದದ್ದು 321 ಕೋಟಿ!

ಮುಗಿಯಲಿಲ್ಲ. ಬ್ಯಾಂಕಿನಲ್ಲಿ ಅಷ್ಟೊಂದು ಹಣ ಇದೆಯೆಂದ ಮೇಲೆ ಅದಕ್ಕೆ ಬಡ್ಡಿ ಬರಬೇಡವೇ? ಬಡ್ಡಿಯನ್ನೂ ಹುಟ್ಟಿಸಿದರು: 376 ಕೋಟಿ. ಸುಳ್ಳು ಮರಿ ಹಾಕಿತು. ಇನ್ನು 2008ರ ಡಿಸೆಂಬರಿನಲ್ಲಿ ಸತ್ಯಂ ತನ್ನ ಅಧ್ಯಕ್ಷರ ಕುಟುಂಬಕ್ಕೇ ಸೇರಿದ ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಹೊರಟು, ಷೇರುದಾರರು ಸಿಡಿದೆದ್ದಾಗ ಹಿಂದೆ ಸರಿದದ್ದು ನೆನಪಿದೆಯೇ? ಜಗತ್ತಿಗೆ ಆಗ ಅದು ಅರ್ಥವಾಗದ ಹುಚ್ಚು. ಜರ್ನಲ್ ಎಂಟ್ರಿಯಾಗಿ ಬರೆದು ನೋಡಿ. ಎಡಗಡೆ: ಹೂಡಿಕೆ, ನಿಜವಾದ ಆಸ್ತಿ. ಬಲಗಡೆ: ಬ್ಯಾಂಕು, ಅಂದರೆ ಇಲ್ಲದ ಹಣ ಹೊರಗೆ ಹೋಯಿತು! ವರ್ಷಗಟ್ಟಲೆ ಪೇರಿದ ಸುಳ್ಳನ್ನು ಒಂದೇ ನಮೂದಿನಲ್ಲಿ ಅಳಿಸುವ ಹುನ್ನಾರ. ಇಲ್ಲದ ಆಸ್ತಿಯ ಜಾಗಕ್ಕೆ ಇರುವ ಆಸ್ತಿಯನ್ನು ತುಂಬುವ ಕೊನೆಯ ಯತ್ನವಾಗಿತ್ತು ಅದು ಎಂದು ಪತ್ರವೇ ಒಪ್ಪುತ್ತದೆ.

ಗಮನಿಸಿ, ಅಷ್ಟೂ ವರ್ಷ ಸತ್ಯಂನ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗುತ್ತಲೇ ಇತ್ತು. ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕ ನಿಜವಲ್ಲ ಎಂದು ಪಠ್ಯಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಆದರೆ ಟ್ಯಾಲಿ ಆಗಲೇಬೇಕೆಂಬ ಆ ಹಟವೇ ಸುಳ್ಳನ್ನು ಅಟ್ಟಿಸಿಕೊಂಡು ಹೋಗಿ, ಒಂದು ಫೋನ್ ಕರೆಯಲ್ಲಿ ಪರೀಕ್ಷಿಸಬಹುದಾದ ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಿತ್ತಲ್ಲ! ಯಾರೂ ಆ ಕರೆ ಮಾಡಿ ಗಟ್ಟಿಯಾಗಿ ಕೇಳಲಿಲ್ಲ, ಅಷ್ಟೆ.

  ಸತ್ಯಂನ ಪುಸ್ತಕವನ್ನು ಅಲ್ಲೇ ಬಿಟ್ಟು ಫೈನಾನ್ಸ್ ತರಗತಿಗೆ ಓಡೋಣ, ಅಲ್ಲಿ ಇನ್ನೊಂದು ಬೆರಗು ಕಾದಿದೆ: ಕಾಲ.

1202ರಲ್ಲಿ ಪೀಸಾದ ಫಿಬೊನಾಚಿ, ಭಾರತದಿಂದ ಅರಬರ ಮೂಲಕ ಬಂದ ನಮ್ಮ ಅಂಕಿಗಳನ್ನು ಯುರೋಪಿಗೆ ಪರಿಚಯಿಸುತ್ತಾ ಒಂದು ಲೆಕ್ಕ ಕೊಡುತ್ತಾನೆ. ಒಬ್ಬ ಸೈನಿಕನಿಗೆ ರಾಜ ವರ್ಷಕ್ಕೆ 300 ನಾಣ್ಯ ಕೊಡುತ್ತಿದ್ದಾನೆ, ಮೂರು ತಿಂಗಳಿಗೊಮ್ಮೆ 75ರಂತೆ. ಒಂದು ದಿನ ರಾಜ, ಇನ್ನು ಮೇಲೆ 300ನ್ನೂ ವರ್ಷದ ಕೊನೆಗೆ ಒಟ್ಟಿಗೇ ಕೊಡುತ್ತೇನೆ ಎನ್ನುತ್ತಾನೆ. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು. ಸೈನಿಕನಿಗೆ ನಷ್ಟವೆಷ್ಟು? ಮೂರು ತಿಂಗಳಿಗೆ ಶೇ 6ರಂತೆ ಹಿಡಿದು ಲೆಕ್ಕ ಹಾಕಿ. ನಾಲ್ಕು ಕಂತುಗಳ ಇವತ್ತಿನ ಬೆಲೆ ಸುಮಾರು 260 ನಾಣ್ಯ. ಕೊನೆಗೆ ಒಟ್ಟಿಗೆ ಬರುವ 300ರ ಇವತ್ತಿನ ಬೆಲೆ ಸುಮಾರು 238. ರಾಜ ಒಂದು ಕಾಸನ್ನೂ ಕಡಿತ ಮಾಡಲಿಲ್ಲ, ಆದರೂ ಸೈನಿಕನ 22 ನಾಣ್ಯ ಗಾಳಿಯಲ್ಲಿ ಕರಗಿತು! ಗುತ್ತಿಗೆದಾರರ ಬಿಲ್ಲು ತಡವಾದಾಗ, ಕಬ್ಬಿನ ಬಾಕಿ ತಿಂಗಳುಗಟ್ಟಲೆ ಎಳೆದಾಗ ನಡೆಯುವುದೂ ಇದೇ. ಬಾಕಿ ಪೂರ್ತಿ ಸಂದಾಯವಾಯಿತು ಎಂಬ ಹೇಳಿಕೆ ಈ ಪಾಠ ಓದಿದವರ ಕಿವಿಗೆ ಬೇರೆಯಾಗಿಯೇ ಕೇಳುತ್ತದೆ.

ಬಡ್ಡಿಯ ಈ ಗಣಿತ ನಮ್ಮ ನೆಲಕ್ಕೆ ಹೊಸದೇನಲ್ಲ. ಕವಿರಾಜಮಾರ್ಗ ಹುಟ್ಟಿದ ಅದೇ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಅಸಲು, ಬಡ್ಡಿ, ಅವಧಿಗಳ ಲೆಕ್ಕಗಳು ಸಾಲುಸಾಲು. ಫಿಬೊನಾಚಿಗಿಂತ ಮೂರೂವರೆ ಶತಮಾನ ಮೊದಲು! ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಆ ಕಡೆ ಪಚೋಲಿಯ 1494ರ ಪುಸ್ತಕದಲ್ಲಿ, ಇವತ್ತಿಗೂ ಬ್ಯಾಂಕಿನವರು ಬಾಯಲ್ಲೇ ಹಾಕುವ ಸೂತ್ರವೊಂದು ಕೂತಿದೆ: 72ನ್ನು ಬಡ್ಡಿದರದಿಂದ ಭಾಗಿಸಿದರೆ ದುಡ್ಡು ದುಪ್ಪಟ್ಟಾಗಲು ಬೇಕಾದ ವರ್ಷಗಳು ಸಿಗುತ್ತವೆ. ಶೇ 8ಕ್ಕೆ 9 ವರ್ಷ. ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ, ದುಪ್ಪಟ್ಟಿಗೆ ಕೂದಲೆಳೆಯಷ್ಟೇ ಕಡಿಮೆ.

ಎರಡು ಬದಿಯ ಪುಸ್ತಕ ಒಂದು, ಕಾಲದ ಬೆಲೆ ಇನ್ನೊಂದು. ಇವೆರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗವೊಂದು ಬೆಂಗಳೂರಿನಲ್ಲೇ ಇದೆ. ತೊಂಬತ್ತರ ದಶಕದಿಂದ ಇನ್ಫೋಸಿಸ್ ತನ್ನ ವಾರ್ಷಿಕ ವರದಿಯಲ್ಲಿ ಉದ್ಯೋಗಿಗಳ ಬೆಲೆಯನ್ನು ಲೆಕ್ಕ ಹಾಕಿ ಪ್ರಕಟಿಸುತ್ತಿತ್ತು. ಬಾರೂಕ್ ಲೆವ್ ಮತ್ತು ಆಬಾ ಶ್ವಾರ್ಟ್ಸ್ 1971ರಲ್ಲಿ ಕೊಟ್ಟ ವಿಧಾನ: ಪ್ರತಿ ಉದ್ಯೋಗಿ ನಿವೃತ್ತಿಯವರೆಗೆ ಗಳಿಸಬಹುದಾದ ಸಂಬಳವನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ ಕೂಡಿಸುವುದು. ಫಿಬೊನಾಚಿಯ ಸೈನಿಕನ ಲೆಕ್ಕವೇ, ಸೈನಿಕನ ಜಾಗದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್! ಆದರೆ ಆ ಮೊತ್ತ ವರದಿಯ ಹಿಂದಿನ ಪುಟಗಳಲ್ಲಿ ಪ್ರತ್ಯೇಕವಾಗಿ ಇರುತ್ತಿತ್ತೇ ಹೊರತು ಬ್ಯಾಲೆನ್ಸ್ ಶೀಟಿನೊಳಗೆ ಕಾಲಿಡಲಿಲ್ಲ. ಕಂಪನಿಯ ಹಿಡಿತದಲ್ಲಿಲ್ಲದ್ದನ್ನು ಆಸ್ತಿ ಎನ್ನುವಂತಿಲ್ಲ. ಎಂಜಿನಿಯರ್ ನಾಳೆ ರಾಜೀನಾಮೆ ಕೊಟ್ಟು ಹೋಗಬಹುದು.

ನಿಯಮ ಸರಿ. ಆದರೂ ಪೆನ್ನು ಹಿಡಿದು ಬರೆಯಲು ಯತ್ನಿಸಿ ನೋಡಿ. ಎಡಗಡೆ: ಉದ್ಯೋಗಿಗಳು, ಇಷ್ಟು ಕೋಟಿ. ಬಲಗಡೆ? ಇದೆಲ್ಲ ಎಲ್ಲಿಂದ ಬಂತು? ಷೇರುದಾರರು ಕೊಟ್ಟರೇ? ಉದ್ಯೋಗಿಗಳಿಗೇ ಕಂಪನಿ ಋಣಿಯೇ? ಕೂಡಿಸುವುದು ಕಲಿಸಿದ ತಾಲ್ಲೂಕಿನ ಸರ್ಕಾರಿ ಶಾಲೆಯದೇ ಆ ಸಾಲು, ಎಮ್ಮೆ ಮಾರಿ ಕಾಲೇಜಿನ ಫೀಸು ಕಟ್ಟಿದ ಅಪ್ಪನದೇ? ಮೊದಲ ಸೆಮಿಸ್ಟರಿನಲ್ಲಿ ಎದ್ದು ನಿಂತು ಇದನ್ನು ಕೇಳಿದರೆ ಸಿಲಬಸ್ಸಿನಲ್ಲಿಲ್ಲ ಕೂತ್ಕೊಳಪ್ಪ ಎನ್ನುವ ಮೇಷ್ಟ್ರೂ ಇದ್ದಾರೆ, ಪಾಠ ನಿಲ್ಲಿಸಿ ಕುರ್ಚಿ ಎಳೆದುಕೊಂಡು ಮಾತಿಗೆ ಕೂರುವ ಮೇಷ್ಟ್ರೂ ಇದ್ದಾರೆ. ಎರಡನೆಯವರು ಸಿಕ್ಕ ತರಗತಿಯ ಹುಡುಗರು ಪುಣ್ಯವಂತರು.