ಕೇಸು ಸೋತ ಇಬ್ಬರು

'ಈ ಕಾನೂನು ಅಸಾಂವಿಧಾನಿಕ, ಸುಪ್ರೀಂ ಕೋರ್ಟ್ ರದ್ದು ಮಾಡಿದೆ' ಅಂತ ಬ್ರೇಕಿಂಗ್ ನ್ಯೂಸ್ ಓದಿದ ದಿನವೆಲ್ಲ ವೀಕ್ಷಕರು ನನಗೆ ಕೇಳುವ ಪ್ರಶ್ನೆ ಒಂದೇ. ನಾವು ವೋಟು ಹಾಕಿ ಕಳಿಸಿದವರು ಮಾಡಿದ ಕಾನೂನು ಸ್ವಾಮಿ ಅದು. ಯಾರೂ ವೋಟು ಹಾಕದ ನ್ಯಾಯಮೂರ್ತಿಗಳು ಅದನ್ನು ಹೇಗೆ ರದ್ದು ಮಾಡ್ತಾರೆ? ಆ ಅಧಿಕಾರ ಅವರಿಗೆ ಕೊಟ್ಟವರು ಯಾರು?

ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕು.

1800ರ ಚುನಾವಣೆಯಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಸೋತರು, ಥಾಮಸ್ ಜೆಫರ್ಸನ್ ಗೆದ್ದರು. ಕುರ್ಚಿ ಬಿಡೋ ಮುಂಚೆ ಆಡಮ್ಸ್ ತಮ್ಮವರಿಗೆಲ್ಲ ಹುದ್ದೆ ಹಂಚಿದರು. ವಿಲಿಯಂ ಮಾರ್ಬರಿ ಅನ್ನುವವರಿಗೂ ಒಂದು ಸಣ್ಣ ನ್ಯಾಯಾಧಿಕಾರಿ ಹುದ್ದೆ. ನೇಮಕಪತ್ರಕ್ಕೆ ಸಹಿ ಬಿತ್ತು, ಮೊಹರೂ ಬಿತ್ತು. ಆದರೆ ಪತ್ರ ಅವರ ಕೈ ಸೇರಲಿಲ್ಲ. ಹೊಸ ಸರ್ಕಾರ ಕೊಡಲೂ ಇಲ್ಲ. ಮಾರ್ಬರಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು.

ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಇಕ್ಕಟ್ಟಿಗೆ ಸಿಕ್ಕಿದರು. 'ಪತ್ರ ಕೊಡಿ' ಅಂದರೆ ಜೆಫರ್ಸನ್ ಸರ್ಕಾರ ಕೇಳೋದು ಅನುಮಾನ. ಕೋರ್ಟಿನ ಹತ್ತಿರ ಸೈನ್ಯವೂ ಇಲ್ಲ, ಖಜಾನೆಯೂ ಇಲ್ಲ. 'ಬೇಡ' ಅಂದರೆ ಹೆದರಿದರು ಅಂತ ಜನ ಆಡಿಕೊಳ್ಳುತ್ತಾರೆ.

1803ರ ಫೆಬ್ರವರಿ 24ರಂದು ತೀರ್ಪು ಬಂತು. ಹುದ್ದೆ ಮಾರ್ಬರಿಯ ಹಕ್ಕು, ನಿಜ. ಆದರೆ ಇಂಥ ಆದೇಶಕ್ಕಾಗಿ ನೇರವಾಗಿ ನಮ್ಮಲ್ಲಿಗೆ ಬರಬಹುದು ಅನ್ನುವ 1789ರ ಕಾನೂನಿನ ಭಾಗವೇ ಸಂವಿಧಾನಕ್ಕೆ ವಿರುದ್ಧ, ಆದ್ದರಿಂದ ಅದು ಕಾನೂನೇ ಅಲ್ಲ! ಮಾರ್ಬರಿಗೆ ಹುದ್ದೆ ಸಿಗಲಿಲ್ಲ. ಕೋರ್ಟಿಗೆ ಮಾತ್ರ, ಸಂವಿಧಾನದಲ್ಲಿ ಎಲ್ಲೂ ನೇರವಾಗಿ ಬರೆಯದ ಒಂದು ದೊಡ್ಡ ಅಧಿಕಾರ ಸಿಕ್ಕಿತು.

ನಮ್ಮ ಸಂವಿಧಾನ ಬರೆದವರು ಇದನ್ನು ಊಹೆಗೆ ಬಿಡಲಿಲ್ಲ. ಮೂಲಭೂತ ಹಕ್ಕು ಕಸಿಯುವ ಕಾನೂನು ಆ ಮಟ್ಟಿಗೆ ಅಸಿಂಧು ಅಂತ 13ನೇ ವಿಧಿಯಲ್ಲೇ ಬರೆದರು. ಆದರೆ ಪಾರ್ಲಿಮೆಂಟು ಸಂವಿಧಾನವನ್ನೇ ತಿದ್ದಿಬಿಟ್ಟರೆ? ಈ ಪ್ರಶ್ನೆ ಇತ್ಯರ್ಥವಾಗಿದ್ದು ನಮ್ಮ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಕೇಸಿನಲ್ಲಿ. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಲ್ಲಿ ಹೇಳಿತು: ತಿದ್ದುಪಡಿ ಮಾಡಿ, ಆದರೆ ಸಂವಿಧಾನದ ಮೂಲ ರಚನೆಯನ್ನು ಮುಟ್ಟಬೇಡಿ. ಕೇರಳದ ಭೂಸುಧಾರಣಾ ಕಾನೂನುಗಳಿಗೆ ರಕ್ಷಣೆ ಕೊಟ್ಟಿದ್ದ ತಿದ್ದುಪಡಿ ಮಾತ್ರ ಉಳಿಯಿತು. ಅಂದರೆ ಸ್ವಾಮೀಜಿ ಕೇಳಿದ್ದೂ ಸಿಗಲಿಲ್ಲ, ಮಾರ್ಬರಿ ಹಾಗೆಯೇ.

ನಾನು ಓದಿದ್ದು ಇಂಜಿನಿಯರಿಂಗ್. ನನಗೆ ಕೋರ್ಟು ಮನೆಯ ಎಂಸಿಬಿ ಥರ ಕಾಣುತ್ತೆ. ಲೋಡು ಮಿತಿ ಮೀರಿದರೆ ಟ್ರಿಪ್ ಆಗಬೇಕು. ಆದರೆ ಎಂಸಿಬಿಯೂ ಕೆಡಬಹುದು. 1857ರ ಡ್ರೆಡ್ ಸ್ಕಾಟ್ ಕೇಸಿನಲ್ಲಿ ಅದೇ ಅಮೆರಿಕದ ಕೋರ್ಟು ಇದೇ ಅಧಿಕಾರ ಬಳಸಿ, ಗುಲಾಮಗಿರಿಗೆ ಮಿತಿ ಹಾಕಿದ್ದ ಕಾನೂನನ್ನೇ ಹೊಡೆದುಹಾಕಿತ್ತು.

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಬಂದಾಗ ಯಾರು ಗೆದ್ದರು, ಯಾರಿಗೆ ಮುಖಭಂಗ ಅಂತ ನೋಡಿ ಸುಮ್ಮನಾಗಬೇಡಿ. ಸಂವಿಧಾನದ ಯಾವ ವಿಧಿಗೆ ಇದು ವಿರುದ್ಧ, ಯಾಕೆ ಅಂತ ಕೇಳಿ. ನಾನು ಹೇಳದಿದ್ದರೆ ನನ್ನನ್ನೂ ಕೇಳಿ.