ಎಂಟನೇ ತರಗತಿಗೆ ಊರು ಬಿಡಿಸುವ ಮೊದಲು

ತೊಗರಿ ರಾಶಿ ಮುಗಿದ ಮೇಲೆ ನಮ್ಮ ಕಡೆ ಮಕ್ಕಳ ಓದಿನ ಮಾತು ಶುರುವಾಗುತ್ತದೆ. ಈ ಸಲ ತಮ್ಮ ಬಂದು, "ಅಣ್ಣಾ, ಹುಡುಗಿ ಏಳನೇತ್ತಿ ಮುಗಸ್ತಾಳ. ಡಾಕ್ಟರ್ ಆಗ್ತೀನಿ ಅಂತಾಳ. ಶಹಾಪುರದ ಸಾಲಿಗೆ ಹಾಕಲೇನು?" ಎಂದ. ಸ್ವಲ್ಪ ತಡಿ ಎಂದೆ. ನನ್ನ ಮಗಳ ವಿಷಯದಲ್ಲಿ ನಾನು ತಡೆದಿರಲಿಲ್ಲ.

ಅವಳು ಏಳರವರೆಗೆ ಊರ ಶಾಲೆಯಲ್ಲಿ ಕಲಿತಳು. ಎಂಟಕ್ಕೆ ಪಟ್ಟಣದ ಹಾಸ್ಟೆಲಿಗೆ ಸೇರಿಸಿದೆ. 2023ರಲ್ಲಿ ನೀಟ್ ಬರೆದಳು. ಅರ್ಜಿ ತುಂಬುವಾಗ ಗ್ರಾಮೀಣ ಮೀಸಲು ಕೇಳಿದರೆ ಸಿಗಲಿಲ್ಲ. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕಂತೆ. ನಾವು ಹಳ್ಳಿಯವರು, ಹೊಲ ಹಳ್ಳಿಯಲ್ಲಿ, ಮನೆ ಹಳ್ಳಿಯಲ್ಲಿ. ಆದರೆ ಲೆಕ್ಕ ಮನೆಯದಲ್ಲ, ಶಾಲೆ ಇರುವ ಜಾಗದ್ದು. ನಗರಸಭೆ, ಪುರಸಭೆ ಹದ್ದಿನೊಳಗೆ ಓದಿದ ಮೂರು ವರ್ಷ ಹಿಂದಿನ ಏಳು ವರ್ಷವನ್ನೂ ತಿಂದವು. ಸೀಟು ಸ್ವಲ್ಪದರಲ್ಲಿ ತಪ್ಪಿತು. ಈಗ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ನನ್ನ ಮೇಲೆ ಸಿಟ್ಟಿಲ್ಲ ಎನ್ನುತ್ತಾಳೆ.

ಆಮೇಲೆ ತಿಳಿದುಕೊಂಡದ್ದನ್ನು ಬರೆಯುತ್ತೇನೆ. ಸರ್ಕಾರಿ ಕೋಟಾ ಸೀಟುಗಳನ್ನು ರಾಜ್ಯದ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಅದರಲ್ಲಿ ಪ್ರತಿ ಜಾತಿ ವರ್ಗದ ಒಳಗೇ ಶೇಕಡಾ 15 ಹಳ್ಳಿಯಲ್ಲಿ ಓದಿದವರಿಗೆ, ಶೇಕಡಾ 5 ಕನ್ನಡ ಮಾಧ್ಯಮದಲ್ಲಿ ಒಂದರಿಂದ ಹತ್ತು ಓದಿದವರಿಗೆ. ಸೀಟಿನ ಪಟ್ಟಿಯಲ್ಲಿ 2ಎಆರ್, 2ಎಕೆ ಎಂದೆಲ್ಲ ಇರುತ್ತದೆ. ಆರ್ ಎಂದರೆ ಹಳ್ಳಿ, ಕೆ ಎಂದರೆ ಕನ್ನಡ, ಕೊನೆಗೆ ಎಚ್ ಬಂದರೆ ನಮ್ಮ ಹೈದರಾಬಾದ್ ಕರ್ನಾಟಕ. 2019ರಲ್ಲಿ ಹೆಸರು ಕಲ್ಯಾಣ ಕರ್ನಾಟಕ ಆಯಿತು, ಅಕ್ಷರ ಹಳೆಯದೇ ಉಳಿದಿದೆ.

ಆ ಎಚ್ ನಮಗೆ ದೊಡ್ಡದು. ಸಂವಿಧಾನದ 371(ಜೆ) ವಿಧಿಯಂತೆ 2013ರಲ್ಲಿ ಬಂದ ಆದೇಶದಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ಉಳಿದ ಕರ್ನಾಟಕದಲ್ಲಿ ಶೇಕಡಾ 8 ಸೀಟು ಇಲ್ಲಿಯವರಿಗೆ. ಇದಕ್ಕೆ ಎಲ್ಲಿ ಓದಿದಿರಿ ಎಂಬುದಲ್ಲ, ಎಲ್ಲಿಯವರು ಎಂಬುದು ಮುಖ್ಯ. ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯದ್ದು. ನೀಟ್ ಫಲಿತಾಂಶ ಬರಲಿ ಎಂದು ಕಾಯಬೇಡಿ, ಪಿ.ಯು.ಸಿ.ಯಲ್ಲಿರುವಾಗಲೇ ಮಾಡಿಸಿ. ಹಳ್ಳಿ ಮತ್ತು ಕನ್ನಡದ ವ್ಯಾಸಂಗ ಪತ್ರಕ್ಕೆ ಮುಖ್ಯೋಪಾಧ್ಯಾಯರ ಜೊತೆ ಬಿ.ಇ.ಓ. ಸಹಿಯೂ ಬೇಕು. ಆಧಾರಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಈಗಲೇ ತಿದ್ದಿಸಿ. ನಮ್ಮಲ್ಲಿ ಅಡ್ಡಹೆಸರಿನ ಗೊಂದಲ ಹೇಳತೀರದು.

ವಸತಿ ಶಾಲೆಯ ವಿಷಯ ಬೇರೆ. ಮೊರಾರ್ಜಿ ಶಾಲೆಗಳು ಕೆಲವು ಹಳ್ಳಿಯ ಹದ್ದಿನಲ್ಲೇ ಇವೆ, ಅಲ್ಲಿ ಓದಿದರೆ ಆರ್ ಉಳಿಯುತ್ತದೆ. ಆದರೆ ಪಾಠ ಇಂಗ್ಲಿಷಿನಲ್ಲಿದ್ದರೆ ಕೆ ಹೋಗುತ್ತದೆ. ಸೇರಿಸುವ ಮೊದಲು ಎರಡನ್ನೂ ಕೇಳಿ. ಗುಳೆ ಹೋಗುವವರು ಮಗುವನ್ನು ಮುಂಬೈಯಲ್ಲಿ ಒಂದು ವರ್ಷ ಓದಿಸಿದರೂ ಈ ಲೆಕ್ಕ ಕೆಡುತ್ತದೆ. ಅಜ್ಜಿಯ ಹತ್ತಿರ ಬಿಟ್ಟು ಹೋಗುವುದೇ ಮೇಲು.

ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ, ಇಂಗ್ಲಿಷ್ ಇರಲೇಬೇಕು. ನೀಟ್ 720 ಅಂಕದ್ದು, ಪ್ರಶ್ನೆ 180. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಳೆ. ಗೊತ್ತಿಲ್ಲದ್ದನ್ನು ಬಿಟ್ಟುಬಿಡಲು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. 2017ರಿಂದ ಕನ್ನಡದಲ್ಲೂ ಬರೆಯಬಹುದು. ಪುಸ್ತಿಕೆಯಲ್ಲಿ ಇಂಗ್ಲಿಷ್ ಪಕ್ಕದಲ್ಲೇ ಇರುತ್ತದೆ, ಭಾಷೆಯನ್ನು ಅರ್ಜಿಯಲ್ಲೇ ಆರಿಸಬೇಕು. 2022ರಲ್ಲಿ ಮೇಲಿನ ವಯಸ್ಸಿನ ಮಿತಿ ತೆಗೆದರು. ಹಾಗಾಗಿ ಪಿ.ಯು.ಸಿ. ಮುಗಿಸಿ ನಾಲ್ಕು ವರ್ಷ ಕಟ್ಟಡ ಕೆಲಸಕ್ಕೆ ಹೋದ ಹುಡುಗನೂ ಮತ್ತೆ ಕೂಡಬಹುದು. ಯಾದಗಿರಿಯಲ್ಲೇ 2022ರಲ್ಲಿ 150 ಸೀಟಿನ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಿದೆ. ರಾಯಚೂರು, ಕಲಬುರಗಿ, ಬೀದರಿನಲ್ಲೂ ಸರ್ಕಾರಿ ಕಾಲೇಜುಗಳಿವೆ.

ವಕೀಲಿ ಓದಿಗೆ ಇಷ್ಟು ತೊಡಕಿಲ್ಲ. ಕಲಾ ವಿಭಾಗದ ಪಿ.ಯು.ಸಿ. ಆದರೂ ಐದು ವರ್ಷದ ಕೋರ್ಸು, ಪದವಿ ಆಗಿದ್ದರೆ ಮೂರು ವರ್ಷದ್ದು. ಸಾಮಾನ್ಯರಿಗೆ ಶೇಕಡಾ 45, ಪರಿಶಿಷ್ಟರಿಗೆ 40 ಅಂಕ ಇರಬೇಕು. ಕಲಬುರಗಿಯಲ್ಲಿ ಸೇಠ್ ಶಂಕರಲಾಲ್ ಲಾಹೋಟಿ ಕಾಲೇಜಿದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಐದು ವರ್ಷದ ಕೋರ್ಸಿಗೆ ಮಾತ್ರ ಕ್ಲಾಟ್ ಪರೀಕ್ಷೆ, ಅದು ಇಂಗ್ಲಿಷಿನಲ್ಲೇ. ಬದುವಿನ ತಕರಾರಿಗೆ ವರ್ಷವರ್ಷವೂ ವಕೀಲರಿಗೆ ಸುರಿಯುವ ನಾವು ಮನೆಗೊಬ್ಬರನ್ನು ಓದಿಸಿದ್ದರೆ ಲಾಭವೇ ಆಗುತ್ತಿತ್ತು.

ಸೀಟಿನ ಆಸೆಗೆ ಗಣಿತದ ಮಾಸ್ತರೇ ಇಲ್ಲದ ಶಾಲೆಯಲ್ಲಿ ಮಗುವನ್ನು ಕೂಡಿಸಿರಿ ಎಂದು ನಾನು ಹೇಳುವುದಿಲ್ಲ. ಪಾಯ ಕೆಟ್ಟರೆ ಮೀಸಲು ಏನು ಮಾಡೀತು? ಮೂರು ಮೈಲಿ ಆಚೆಯ ಹಳ್ಳಿಯಲ್ಲಿ ಹೈಸ್ಕೂಲಿದೆ. ವಿಜ್ಞಾನಕ್ಕೆ ಕಾಯಂ ಮಾಸ್ತರು ಇದ್ದಾರೋ ಅತಿಥಿಗಳೋ ನೋಡಿ ಬರಲು ಸೋಮವಾರ ತಮ್ಮನೂ ನಾನೂ ಹೊರಟಿದ್ದೇವೆ. ಮಗಳು ಫೋನಿನಲ್ಲಿ, "ಅಪ್ಪಾ, ಹೆಣ್ಮಕ್ಕಳಿಗೆ ಪಾಯಖಾನಿ ಐತೇನು ಅದನ್ನೂ ನೋಡ್ರಿ" ಎಂದಿದ್ದಾಳೆ.